ಬಿಡಿ ಎಂದಾಗ ಚಪ್ಪಾಳೆ ಬಿತ್ತು

ನಾನು ರಾಧಾಮಣಿ ಕೋಂ ಜಯಕುಮಾರ್, ವಯಸ್ಸು 34 ವರ್ಷ, ಖಾಸಗಿ ಶಾಲೆಯಲ್ಲಿ ಶಿಕ್ಷಕಿ, ವಾಸ ದೊಡ್ಡಮಳೂರು, ಚನ್ನಪಟ್ಟಣ ತಾಲ್ಲೂಕು. ಈ ದಿನ ಬೆಳಿಗ್ಗೆ 10-15ಕ್ಕೆ ಠಾಣೆಗೆ ಖುದ್ದು ಬಂದು ಹೇಳಿ ಬರೆಯಿಸುವುದೇನೆಂದರೆ:

ನಾನು ಎರಡು ವರ್ಷದಿಂದ ‘ಈಗಿಂದೀಗ್ಲೇ’ ಎಂಬ ನಗೆನಾಟಕ ತಂಡದಲ್ಲಿದ್ದೇನೆ. ನಮ್ಮ ನಾಟಕಕ್ಕೆ ಮೊದಲೇ ಬರೆದ ಮಾತು ಇರುವುದಿಲ್ಲ. ಪ್ರೇಕ್ಷಕರು ಒಂದು ಜಾಗ, ಒಂದು ಸಂಬಂಧ ಹೇಳುತ್ತಾರೆ. ನಾವು ಅಲ್ಲೇ ಮಾತು ಕಟ್ಟಿ ಆಡುತ್ತೇವೆ. ಜೊತೆಗಾರ ಏನು ಹೇಳಿದರೂ ಇಲ್ಲ ಎನ್ನಬಾರದು, ಒಪ್ಪಿಕೊಂಡು ಮುಂದುವರಿಸಬೇಕು ಎಂಬುದು ಈ ಆಟದ ನಿಯಮ. ಇದನ್ನು ನನಗೆ ಕಲಿಸಿದವರು ತಂಡದ ಮುಖ್ಯಸ್ಥರಾದ ರಾಮನಗರದ ರುದ್ರಪ್ರಸಾದ್, ಸುಮಾರು 45 ವರ್ಷ. ಅವರನ್ನು ನಾನು ಸರ್ ಎಂದು ಕರೆಯುತ್ತಿದ್ದೆ. ಇನ್ನು ಮುಂದೆ ಈ ಹೇಳಿಕೆಯಲ್ಲಿ ಆತ ಎಂದೇ ಹೇಳುತ್ತೇನೆ.

ದಿನಾಂಕ 16-03-2025ರ ಭಾನುವಾರ ಸಂಜೆ 5-30ಕ್ಕೆ, ಚನ್ನಪಟ್ಟಣ ಬಸ್ ನಿಲ್ದಾಣದಿಂದ ಸುಮಾರು 400 ಮೀಟರ್ ದೂರದ ಸಭಾಂಗಣದಲ್ಲಿ ನಮ್ಮ ಪ್ರದರ್ಶನ ಶುರುವಾಯಿತು. ಸುಮಾರು 120 ಜನರಿದ್ದರು. ಮೂರನೇ ಸಾಲಿನಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳು ತಾಯಿಯ ಜೊತೆ ಕೂತಿದ್ದಳು. 6-10ಕ್ಕೆ ಪ್ರೇಕ್ಷಕರೊಬ್ಬರು ರಶ್ ಬಸ್ಸು, ಗಂಡ ಹೆಂಡತಿ ಎಂದು ಕೂಗಿದರು. ನಾನೂ ಆತನೂ ಎರಡು ಕುರ್ಚಿ ಹಾಕಿಕೊಂಡು ಕೂತೆವು.

ಎರಡು ನಿಮಿಷ ಆಟ ಸರಿಯಾಗಿಯೇ ಇತ್ತು. ನಂತರ ಆತ ಬಸ್ಸು ತಿರುವಿನಲ್ಲಿ ವಾಲಿತೆಂದು ಹೇಳಿ ನನ್ನ ಮೇಲೆ ಬಿದ್ದು, ಬಲಗೈಯಿಂದ ಸೊಂಟ ಬಳಸಿ ಹಿಡಿದ. ನಾನು ಸರಿದೆ. ಇನ್ನೊಂದು ತಿರುವು ಇದೆ ಎನ್ನುತ್ತಾ ಬಾಯನ್ನು ನನ್ನ ಕುತ್ತಿಗೆಗೆ ಒತ್ತಿದ. ಗುಟ್ಕಾ ವಾಸನೆ ಬರುತ್ತಿತ್ತು. ಕುತ್ತಿಗೆ ಎಂಜಲಾಯಿತು. ಆಟದ ದನಿಯಲ್ಲಲ್ಲ, ನನ್ನ ಸ್ವಂತ ದನಿಯಲ್ಲಿ, "ಬಿಡಿ ಸರ್, ಇದು ಆಟ ಅಲ್ಲ" ಎಂದೆ. ಜನ ಚಪ್ಪಾಳೆ ತಟ್ಟಿದರು. ಆತ ಅವರತ್ತ ತಿರುಗಿ, "ನೋಡ್ರಪ್ಪಾ, ಕಟ್ಕೊಂಡ ಗಂಡನ್ನೇ ಸರ್ ಅಂತಾವ್ಳೆ" ಎಂದ. ನಗು ಹೆಚ್ಚಾಯಿತು. ನಾನು ಅಳುತ್ತಾ ಇನ್ನೂ ಎರಡು ಬಾರಿ ಬಿಡಿ ಎಂದೆ. ಎರಡು ಬಾರಿಯೂ ನಕ್ಕರು.

ಆಗ ಸಭಾಂಗಣದ ಕಸ ಗುಡಿಸುವ ಸರಸಮ್ಮನವರು ಹಿಂದಿನ ಬಾಗಿಲಿನಿಂದ ನಡೆದು ಬಂದು ವೇದಿಕೆ ಹತ್ತಿದರು. "ಅವ್ಳು ಬುಡು ಅಂತಾವ್ಳೆ, ಕಿವಿ ಕೇಳಾಕಿಲ್ವೇನ್ಲಾ? ತೆಗಿ ಕೈಯ" ಎಂದು ಆತನ ಮಣಿಕಟ್ಟು ಹಿಡಿದು ಎಳೆದರು. ಜನ ಅದಕ್ಕೂ ಶಿಳ್ಳೆ ಹೊಡೆದರು. ಸರಸಮ್ಮ ಜನರ ಕಡೆ ತಿರುಗಿ, "ನಾನು ನಾಟ್ಕದೋಳಲ್ಲ ಕಣ್ರಪ್ಪಾ, ಕಸ ಗುಡ್ಸೋಳು" ಎಂದರು. ಮುಂದಿನ ಎರಡು ಸಾಲು ಸುಮ್ಮನಾಯಿತು. ಹಿಂದಿನವರು ಇನ್ನೂ ನಗುತ್ತಲೇ ಇದ್ದರು. ಮೈಕ್ ನೋಡಿಕೊಳ್ಳುತ್ತಿದ್ದ ನಿಯಾಜ್ ಎಂಬುವರು ಮೈಕ್ ಆಫ್ ಮಾಡಿ ಪರದೆ ಎಳೆದರು. ಆಗ ಸಮಯ 6-16.

ಪರದೆಯ ಹಿಂದೆ ಆತ ಸೀನು ಚೆನ್ನಾಗಿ ಬರುತ್ತಿತ್ತು, ಅದನ್ನು ಕೆಡಿಸಿದವಳು ನಾನೇ ಎಂದ. "ಒಪ್ಕೊಂಡು ಆಡ್ಬೇಕು ಅಂತ ಯೋಳ್ಕೊಟ್ಟಿರ್ನಿಲ್ವಾ? ಮರ್ತ್ಬುಟ್ಟಾ?" ಎಂದು ಕೇಳಿದ. ನಾನು ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಕುತ್ತಿಗೆಯನ್ನು ಮೂರು ಬಾರಿ ತೊಳೆದೆ. ಅಲ್ಲೇ ವಾಂತಿಯಾಯಿತು. ಸರಸಮ್ಮ ನೀರು ಹೊಯ್ದರು.

6-40ಕ್ಕೆ ಹೊರಗೆ ಬಂದಾಗ ನನ್ನ ತರಗತಿಯ ಹುಡುಗಿ ಓಡಿ ಬಂದು, "ಮಿಸ್, ನೀವು ನಿಜ್ವಾಗ್ಲೂ ಅಳ್ತಿದ್ರಾ?" ಎಂದು ಕೇಳಿದಳು. ಹೌದು ಎಂದೆ. ಅವಳ ತಾಯಿ ಅವಳ ಕೈ ಹಿಡಿದು ಬೇಗ ಬೇಗ ಕರೆದುಕೊಂಡು ಹೋದರು. ಅವರೂ ನಕ್ಕಿದ್ದನ್ನು ನಾನು ವೇದಿಕೆಯಿಂದ ನೋಡಿದ್ದೆ.

7-20ಕ್ಕೆ ಮನೆ ತಲುಪಿ ಪತಿಗೆ ತಿಳಿಸಿದೆ. ಇಂಥ ತಂಡಕ್ಕೆ ನೀನು ಸೇರಲೇಬಾರದಿತ್ತು ಎಂದು ಅವರು ಮೊದಲು ನನಗೇ ಬೈದರು. ಈ ದಿನ ಅವರೇ ಬೈಕಿನಲ್ಲಿ ಠಾಣೆಗೆ ಕರೆತಂದಿದ್ದಾರೆ.

ಸರಸಮ್ಮನವರು ಸಾಕ್ಷಿ ಹೇಳಲು ಒಪ್ಪಿದ್ದಾರೆ. ನಿಯಾಜ್ ಪ್ರದರ್ಶನದ ವಿಡಿಯೋ ಕೊಟ್ಟಿದ್ದು, ಹಾಜರುಪಡಿಸಿದ್ದೇನೆ. ಅದರಲ್ಲಿ ನಾನು ಬಿಡಿ ಎಂದದ್ದು ಮೂರು ಸಲವೂ ಸ್ಪಷ್ಟವಾಗಿ ಕೇಳುತ್ತದೆ. ಆತನ ಮೇಲೆ ಕಾನೂನು ಕ್ರಮ ಜರುಗಿಸಬೇಕೆಂದು ಕೋರುತ್ತೇನೆ.

ಠಾಣೆಯಲ್ಲಿ ಈ ವಿಡಿಯೋ ಹಾಕಿ ನೋಡುವಾಗ, ಕಟ್ಕೊಂಡ ಗಂಡ ಎಂಬ ಮಾತು ಬಂದ ಕಡೆ ಸಿಬ್ಬಂದಿಯೊಬ್ಬರು ನಕ್ಕರು. ಅದನ್ನೂ ಬರೆದುಕೊಳ್ಳಬೇಕೆಂದು ಕೇಳಿದೆ. ಬರೆದುಕೊಂಡಿದ್ದಾರೆ.

ಇಷ್ಟನ್ನೂ ನನಗೆ ಓದಿ ಹೇಳಲಾಯಿತು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಚನ್ನಪಟ್ಟಣ
ದಿನಾಂಕ: 17-03-2025
ಸಹಿ: ರಾಧಾಮಣಿ