ಸರಿ ಎಂಬ ಷರಾ

ಒಂದೇ ವಾಕ್ಯದಲ್ಲಿ ಅಧ್ಯಕ್ಷ ಭಾಷಣ ಮುಗಿಸಿ ಕುಳಿತುಬಿಟ್ಟಿರುವ ನಮ್ಮ ಬೀಗದಣ್ಣನವರೇ, ವೇದಿಕೆಗೆ ಎಷ್ಟು ಕರೆದರೂ ಬಾರದೆ ಬಾಗಿಲ ಪಕ್ಕದ ಕುರ್ಚಿಯಲ್ಲೇ ಉಳಿದಿರುವ ಮುಖ್ಯ ಅತಿಥಿಗಳೇ, ಮುಂದಿನ ಮೂರು ಸಾಲು ಖಾಲಿ ಬಿಟ್ಟು ಹಿಂದೆ ಒತ್ತೊತ್ತಾಗಿ ಕುಳಿತಿರುವ ಸಭಿಕರೇ,

ನಮ್ಮ ಗುರುವಾರದ ಕೂಟಕ್ಕೆ ಇಂದು ಒಂದು ವರ್ಷ ತುಂಬಿತು. ಒಬ್ಬರೇ ಕುಳಿತು ಅಂಗಡಿಗಳ ಲೆಕ್ಕ ಬರೆಯುವವರು, ಮತ್ತು ಗಿರಾಕಿ ಒಳಗೆ ಬಂದರೆ ಮಾತಾಡಬೇಕಲ್ಲ ಎಂದು ಎದೆ ಡವಡವ ಎನ್ನುವ ನನ್ನಂಥ ಸಣ್ಣ ಅಂಗಡಿಯವರು ಸೇರಿ ಕಟ್ಟಿಕೊಂಡ ಕೂಟ ಇದು. ಇಂಥವರ ವಾರ್ಷಿಕ ಸಭೆಯಲ್ಲಿ ಭಾಷಣ ಯಾರು ಮಾಡಬೇಕು? ಚೀಟಿ ಎತ್ತಿದೆವು. ನನ್ನ ಹೆಸರು ಬಂತು. ಎಲ್ಲ ಚೀಟಿಗಳಲ್ಲೂ ನನ್ನ ಹೆಸರೇ ಇತ್ತೆಂದು ಆಮೇಲೆ ತಿಳಿಯಿತು. ಚೀಟಿ ಬರೆದವರು ಅಧ್ಯಕ್ಷರು.

ನನ್ನದು ಗುಂಡಿಗಳ ಅಂಗಡಿ. ಅಂಗಿಯ ಗುಂಡಿ, ಕೋಟಿನ ಗುಂಡಿ, ಕೂಸಿನ ಕುಲಾವಿಯ ಗುಂಡಿ. ಗೋಡೆ ತುಂಬ ಸಣ್ಣ ಸಣ್ಣ ಡ್ರಾಯರುಗಳು, ಒಂದೊಂದರ ಮುಖದ ಮೇಲೂ ಒಳಗಿರುವುದರ ಒಂದು ಮಾದರಿ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಆ ಗೋಡೆಯ ಮೇಲೆ ನಿಧಾನವಾಗಿ ನಡೆಯುತ್ತದೆ. ಚಿಪ್ಪಿನ ಗುಂಡಿಗಳ ಸಾಲಿಗೆ ಅದು ಬಂದಾಗ ಗೋಡೆಯೆಲ್ಲ ಮಿನುಗಿ, ನಾನು ಎಲ್ಲಿದ್ದೇನೆ ಎಂಬುದೇ ಒಂದು ಗಳಿಗೆ ಮರೆತುಹೋಗುತ್ತದೆ. ಅಕ್ಕ ಇದ್ದಾಗ ಅವಳು ಮಾತಾಡುತ್ತಿದ್ದಳು, ನಾನು ಗುಂಡಿ ಹುಡುಕುತ್ತಿದ್ದೆ. ಅವಳು ಮದುವೆಯಾಗಿ ದೂರ ಹೋದಳು. ಹೊರಡುವ ದಿನ ನನ್ನ ಗಲ್ಲ ಹಿಡಿದು, "ನಿನ್ನ ಬಾಯಿಗೂ ಒಂದು ಗುಂಡಿ ಹಾಕ್ಕೊಂಡಿದೀಯಲ್ಲೇ, ಅದನ್ನ ಯಾರು ಬಿಚ್ತಾರೆ?" ಅಂದಳು.

ಆ ವರ್ಷ ಬಂದವರು ನಮ್ಮ ಲೆಕ್ಕದವರು. ಇವತ್ತಿನ ಮುಖ್ಯ ಅತಿಥಿಗಳು ಅವರೇ. ದಯವಿಟ್ಟು ಯಾರೂ ತಿರುಗಿ ನೋಡಬೇಡಿ, ಅವರಿಗೆ ಮುಜುಗರವಾಗುತ್ತದೆ. ನೋಡಿಯೇಬಿಟ್ಟಿರಿ.

ಹದಿನಾಲ್ಕು ವರ್ಷ, ಪ್ರತಿ ಗುರುವಾರ ಎರಡು ಗಂಟೆಗೆ ಬರುತ್ತಿದ್ದರು. ಬಂದಾಗ ಒಮ್ಮೆ ತಲೆಯಾಡಿಸುವುದು, ಹೋಗುವಾಗ ಒಮ್ಮೆ ತಲೆಯಾಡಿಸುವುದು. ಉಳಿದ ಮಾತೆಲ್ಲ ಲೆಕ್ಕದ ಪುಸ್ತಕದ ಬಲತುದಿಯಲ್ಲಿ, ಷರಾ ಕಾಲಮ್ಮಿನಲ್ಲಿ. ಲೆಕ್ಕಕ್ಕೆ ಸೇರದ ಮಾತು ಬರೆಯುವ ಎರಡು ಬೆರಳಗಲದ ಜಾಗ ಅದು. ಅವರು ಪೆನ್ಸಿಲಿನಲ್ಲಿ, "ಕಪ್ಪು ಗುಂಡಿ ಎರಡು ಸಲ ಬರೆದಿದ್ದೀರಿ" ಎಂದು ಬರೆದರೆ ನಾನು ಕೆಳಗೆ, "ಹೌದು, ತಪ್ಪಾಯಿತು" ಎಂದು ಬರೆಯುತ್ತಿದ್ದೆ. ಬರುಬರುತ್ತಾ, "ಕಿಟಕಿ ತೆರೆದಿಟ್ಟದ್ದು ಒಳ್ಳೆಯದಾಯಿತು." "ನಿಮ್ಮ ಕೆಮ್ಮು ಇವತ್ತು ಕಡಿಮೆ." ಅಮ್ಮ ತೀರಿಕೊಂಡ ವಾರ ಅವರು ಬರೆದದ್ದು ಇಷ್ಟು: "ಈ ವಾರ ಕೆಲಸವಿಲ್ಲ. ಸುಮ್ಮನೆ ಕುಳಿತಿದ್ದು ಹೋಗುತ್ತೇನೆ." ಕುಳಿತಿದ್ದರು, ಸಂಜೆಯವರೆಗೆ. ಆ ಉಪಕಾರಕ್ಕೆ ನಾನು ಯಾವ ಕಾಲಮ್ಮಿನಲ್ಲೂ ಏನೂ ಬರೆಯಲಿಲ್ಲ.

ಅವರು ಕಲಿಸಿದ ಒಂದು ನಿಯಮ ಹೇಳಬೇಕು. ಮೊದಲ ತಿಂಗಳು ನಾನೊಂದು ತಪ್ಪನ್ನು ಬ್ಲೇಡಿನಿಂದ ಕೆರೆದು ಅಳಿಸಿದ್ದೆ. ಅವರು ಪಕ್ಕದಲ್ಲಿ ಬರೆದರು: "ತಪ್ಪನ್ನು ಅಳಿಸಬಾರದು. ಒಂದು ಗೆರೆ ಎಳೆದು, ತಪ್ಪು ಓದಲು ಸಿಗುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ರುಜು ಹಾಕಬೇಕು."

ಇನ್ನೊಂದು. ಲೆಕ್ಕ ತಾಳೆ ನೋಡಲು ಇಬ್ಬರು ಬೇಕು. ಒಬ್ಬರು ಓದಬೇಕು, ಇನ್ನೊಬ್ಬರು ಹೂಂ ಎಂದು ಗುರುತು ಹಾಕಬೇಕು. ಒಂಟಿಯಾಗಿ ಕೆಲಸ ಮಾಡುವವರಿಗೆ ಎರಡನೆಯವರು ಎಲ್ಲಿಂದ ಬರಬೇಕು? ಅವರು ಹಿಂದಿನ ಕೋಣೆಯಲ್ಲಿ ಕುಳಿತು ತಾವೇ ಓದಿ ತಾವೇ ಹೂಂ ಅನ್ನುತ್ತಿದ್ದರು. ಹಲಗೆಯ ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು. "ಬಿಳಿ, ಹನ್ನೆರಡು ಡಜನ್. ಹೂಂ. ಕಂದು, ಒಂಬತ್ತು ಡಜನ್. ಹೂಂ." ಗೋಡೆಯ ಮೇಲೆ ಬಿಸಿಲು, ಆಚೆ ಆ ಗುಣುಗುಣು. ನಾನು ಗುಂಡಿಗಳಲ್ಲಿ ಬೆರಳಾಡಿಸುತ್ತಾ ಅರೆಗಣ್ಣಾಗುತ್ತಿದ್ದೆ. ಯಾರೋ ಯಾವುದೋ ದಡದಲ್ಲಿ ನಿಂತು, ನೀನು ಎಣಿಕೆಯಲ್ಲಿದ್ದೀಯ, ತಪ್ಪಿಹೋಗಿಲ್ಲ ಎಂದು ಹೇಳುತ್ತಿದ್ದಂತೆ ಅನಿಸುತ್ತಿತ್ತು. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು, ಕ್ಷಮಿಸಿ.

ಒಂದೂವರೆ ವರ್ಷದ ಹಿಂದೆ ಷರಾ ಕಾಲಮ್ಮಿನಲ್ಲಿ ಒಂದು ಸಾಲು ಕಂಡಿತು. "ಮುಂದಿನ ತಿಂಗಳಿಂದ ತಾವು ಬೇರೆಯವರನ್ನು ನೋಡಿಕೊಳ್ಳಬಹುದು." ಏಕೆ ಎಂದು ಕೇಳಬೇಕಿತ್ತು. ಹಲಗೆಯಾಚೆ ಆರು ಹೆಜ್ಜೆ, ಅಷ್ಟೇ ದೂರ. ಆದರೆ ಅವರಿಗೆ ಮಾತು ಇಷ್ಟವಿಲ್ಲ, ಕೆದಕಬಾರದು ಎಂದುಕೊಂಡೆ. ಕೆಳಗೆ ಬರೆದೆ: "ಸರಿ."

ಅವರು ಓದಿದರು, ತಲೆಯಾಡಿಸಿದರು, ಹೋದರು.

ಆಮೇಲೆ ಅಕ್ಕ ಲೆಕ್ಕಕ್ಕೆ ಇನ್ನೊಬ್ಬರನ್ನು ಗೊತ್ತುಮಾಡಿಕೊಟ್ಟಳು. ಒಳ್ಳೆಯವರೇ, ಆದರೆ ದಿನಕ್ಕೆ ಮೂರು ಸಲ ಫೋನು ಮಾಡುತ್ತಿದ್ದರು. ಫೋನು ಬಡಿದುಕೊಳ್ಳತೊಡಗಿದರೆ ನಾನು ಹಿಂದಿನ ಕೋಣೆಗೆ ಹೋಗಿ ಅವರ ಖಾಲಿ ಕುರ್ಚಿಯ ಪಕ್ಕ ನಿಲ್ಲುತ್ತಿದ್ದೆ.

ನಾಲ್ಕು ತಿಂಗಳ ಮೇಲೆ ಒಂದು ಡ್ರಾಯರಿನ ಬೀಗ ಕೆಟ್ಟು ಬೀಗದಣ್ಣನ ಅಂಗಡಿಗೆ ಹೋದೆ. ಅವರ ಲೆಕ್ಕದ ಪುಸ್ತಕ ಮೇಜಿನ ಮೇಲೆ ತೆರೆದಿತ್ತು. ಅದೇ ಪೆನ್ಸಿಲು, ಅದೇ ಸಾಲು. ಅದರ ಕೆಳಗೆ ಅಧ್ಯಕ್ಷರ ದಪ್ಪ ಅಕ್ಷರದಲ್ಲಿ, "ಸರಿ." ಅವರು ನನ್ನ ಮುಖ ನೋಡಿದರು.

"ನಿಮಗೂ ಬರೆದಿದ್ರಾ?"

"ಹೂಂ."

"ನೀವೇನಂತ ಬರೆದ್ರಿ?"

ನಾನು ಅವರ ಪುಸ್ತಕದ ಮೇಲೆಯೇ ಬೆರಳಿಟ್ಟು ತೋರಿಸಿದೆ.

ಸಭಿಕರೇ, ಅವರು ಲೆಕ್ಕ ಬರೆಯುತ್ತಿದ್ದದ್ದು ಏಳು ಅಂಗಡಿಗಳಿಗೆ. ಮೌನಿಗಳನ್ನೇ ಆರಿಸಿಕೊಂಡಿದ್ದರು. ಏಳಕ್ಕೆ ಏಳೂ "ಸರಿ"! ಒಬ್ಬರಾದರೂ ಏಕೆಂದು ಕೇಳಿದೆವೆ? ಒಬ್ಬರಾದರೂ ಬೇಡ ಅಂದೆವೆ? ಉಳಿದವರನ್ನೂ ಹುಡುಕಿ, ಏಳೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಹಾಳೆ ತಿರುವಿದಾಗ ತಿಳಿಯಿತು. ಕೊನೆಯ ವರ್ಷ ಅವರು ಬರೆದ ಅಂಕಿಗಳ ಗಾತ್ರ ತಿಂಗಳಿಂದ ತಿಂಗಳಿಗೆ ದೊಡ್ಡದಾಗುತ್ತಾ ಹೋಗಿತ್ತು. ಅವರಿಗೆ ಕಣ್ಣು ಮಂಜಾಗುತ್ತಿತ್ತು. ಅಂಕಿ ದೊಡ್ಡದಾಗುವುದನ್ನು ನಾನು ಆಗಲೇ ಗಮನಿಸಿದ್ದೆ. ಗಮನಿಸಿಯೂ ಕೇಳಿರಲಿಲ್ಲ.

ಏಳೂ ಜನ ಅವರ ಮನೆಗೆ ಹೋದೆವು. ನೀಲಿ ಬಾಗಿಲು. ನೀವು ತಟ್ಟಿ, ಇಲ್ಲ ನೀವು ತಟ್ಟಿ ಎಂದು ಕಣ್ಣಲ್ಲೇ ಹೇಳಿಕೊಂಡೆವು. ಮುಚ್ಚಿದ ಬಾಗಿಲ ಮುಂದೆ ಏಳು ಜನ ಉಸಿರು ಬಿಗಿಹಿಡಿದು ನಿಂತರೆ, ಅದರಲ್ಲೂ ಒಬ್ಬರ ಕೈಯಲ್ಲಿ ಬೀಗದ ಕೈಗಳ ಗೊಂಚಲಿದ್ದರೆ, ನೋಡಿದವರು ಏನೆಂದುಕೊಳ್ಳಬೇಕು? ಎದುರು ಮನೆಯ ಪರದೆ ಅಲುಗಿತು. ನಾವು ವಾಪಸು ಬಂದೆವು.

ಆ ನಾಚಿಕೆಯಲ್ಲಿ ಹುಟ್ಟಿದ್ದು ಈ ಕೂಟ. ನನ್ನ ಅಂಗಡಿಯ ಬಾಗಿಲಿಗೆ ಒಂದು ಕಾಗದ ಅಂಟಿಸಿದೆ: "ಗುರುವಾರ ಮಧ್ಯಾಹ್ನ ಹಿಂದಿನ ಮೇಜು ಖಾಲಿಯಿದೆ. ಒಬ್ಬರೇ ಲೆಕ್ಕ ಬರೆಯುವವರು ಬಂದು ಕೂರಬಹುದು. ಮಾತಾಡಲೇಬೇಕೆಂದಿಲ್ಲ." ಒಬ್ಬರು ಬಂದರು, ಆಮೇಲೆ ಇನ್ನೊಬ್ಬರು. ಈಗ ಲೆಕ್ಕ ಬರೆಯುವವರೇ ಐದು ಜನ. ಒಬ್ಬರು ಓದುತ್ತಾರೆ, ಒಬ್ಬರು ಹೂಂ ಅನ್ನುತ್ತಾರೆ. ಕಿಟಕಿಯ ಪಕ್ಕದ, ನಮ್ಮ ಲೆಕ್ಕದವರ ಹಳೆಯ ಕುರ್ಚಿಯಲ್ಲಿ ಮಾತ್ರ ಯಾರೂ ಕೂರುವುದಿಲ್ಲ. ಕೂರಬೇಡಿ ಎಂದು ನಾನು ಹೇಳಿಲ್ಲ. ಅವರಿಗೇ ಹೇಗೋ ತಿಳಿದಿದೆ.

ಈಗ ನಿಜ ಹೇಳಿಬಿಡುತ್ತೇನೆ. ಈ ಸಭಾಂಗಣ, ಈ ಮೈಕು, ಅಚ್ಚು ಹಾಕಿಸಿದ ಆಹ್ವಾನ ಪತ್ರಿಕೆ, ಇದೆಲ್ಲ ವಾರ್ಷಿಕೋತ್ಸವಕ್ಕೆಂದು ನೀವು ತಿಳಿದಿರಬಹುದು. ಅಲ್ಲ. ಒಂದು ಬಾಗಿಲು ತಟ್ಟಲಾಗದೆ ನಾವು ಒಂದು ಸಭೆಯನ್ನೇ ಏರ್ಪಡಿಸಿದ್ದೇವೆ. ಪತ್ರಿಕೆಯನ್ನು ನೀಲಿ ಬಾಗಿಲಿನ ಸಂದಿಯಲ್ಲಿ ತೂರಿಸಿ ಓಡಿಬಂದವಳು ನಾನು. ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೆ.

ಲೆಕ್ಕದವರೇ, ಆ ಪುಸ್ತಕ ತಂದಿದ್ದೇನೆ. "ಸರಿ" ಎಂದು ಬರೆದದ್ದು ತಪ್ಪು. ಅದನ್ನು ಅಳಿಸಿಲ್ಲ, ನೀವು ಹೇಳಿದಂತೆ ಒಂದು ಗೆರೆ ಎಳೆದಿದ್ದೇನೆ. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ರುಜು ಹಾಕಿದ್ದೇನೆ. ನಿಮ್ಮ ಕಣ್ಣಿಗೆ ಶ್ರಮ ಬೇಡ, ನಾನೇ ಓದುತ್ತೇನೆ. "ಹೋಗಬೇಡಿ. ಇನ್ನು ಮುಂದೆ ಓದುವುದು ನನ್ನ ಕೆಲಸ. ಹೂಂ ಅನ್ನುವುದಷ್ಟೇ ನಿಮ್ಮದು."

ಸಭಾಂಗಣ ಕೊಟ್ಟವರಿಗೆ, ಮೈಕಿನವರಿಗೆ, ಮೋಸದ ಚೀಟಿ ಬರೆದ ಅಧ್ಯಕ್ಷರಿಗೆ, ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ಕುಳಿತುಕೊಳ್ಳುವ ಮೊದಲು ಪುಸ್ತಕದಿಂದ ಒಂದು ಸಾಲು ಓದುತ್ತೇನೆ. ಒಂದು ಗಳಿಗೆ ಯಾರೂ ಚಪ್ಪಾಳೆ ತಟ್ಟಬೇಡಿ.

ಚಿಪ್ಪಿನ ಗುಂಡಿ, ಎಂಟು ಡಜನ್.

...

ಕೇಳಿಸಿತು, ಲೆಕ್ಕದವರೇ. ಗುರುವಾರ, ಎರಡು ಗಂಟೆಗೆ. ಎಲ್ಲರಿಗೂ ನಮಸ್ಕಾರ.