ಹಳ್ಳದ ಸೇತುವೆಯ ಮೇಲೆ ಮೆಲ್ಲಗಾಗುತ್ತಿದ್ದ ವ್ಯಾನು

ಇದು ಎಲ್ಲೋ ಕೇಳಿ ಬಂದ ಮಾತಲ್ಲ. ನಮ್ಮ ಪಕ್ಕದ ಮನೆಯ ಜಿಂತುವಿಗೆ ಆದದ್ದು... ಕೊನೆಯ ಭಾಗಕ್ಕೆ ನಾನೂ ಜೊತೆಗಿದ್ದೆ.

ತೈವಾನಿನ ನಾಂತೌ ಬೆಟ್ಟದಲ್ಲಿ ನಮ್ಮೂರು. ಊರಿಗೆ ಬರುವ ಹಳ್ಳದ ಸೇತುವೆಯ ಈಚೆ ಒಂದು ಆಲದ ಮರ, ಅದರ ಬುಡದಲ್ಲಿ ನೆಲದೇವರ ಗುಡಿ. ಆ ವರ್ಷ ದೀಪ ಹಚ್ಚುವ ಸರದಿ ನಮ್ಮ ಮನೆಯದು. ಶುಂಠಿ ತೊಳೆಯುವ ಕೆಲಸದಲ್ಲಿ ತಡವಾಗಿ, ನಾನು ದೀಪ ಹಚ್ಚಿ ಮನೆಯತ್ತ ಹೊರಟಾಗ ಕತ್ತಲು ಕವಿದಿತ್ತು. ಗಾಳಿಯಿಲ್ಲ. ಬಿದಿರು ಮಾತ್ರ ಕಿರ್ರ್... ಕಿರ್ರ್...

ಆಚೆ ದಡದಿಂದ ಜಿಂತುವಿನ ವ್ಯಾನು ಭರ್ರೆಂದು ಬಂತು. ಗಾಲಿ ಸೇತುವೆಗೆ ತಾಗಿದ್ದೇ ಸದ್ದು ಕುಗ್ಗಿತು. ಊಂ... ಎಂಬ ಸಣ್ಣ ದನಿ. ತುಂಬಿದ ಕೊಡ ಹೊತ್ತವಳು ನಡೆದ ಹಾಗೆ ಸೇತುವೆ ದಾಟಿತು. ಈಚೆ ನೆಲ ಸಿಕ್ಕಿದ್ದೇ ಮತ್ತೆ ಭರ್ರ್ ಎಂದು ಜಿಗಿದು ನನ್ನ ಪಕ್ಕ ನಿಂತಿತು.

ಹತ್ತಿಕೊ ಎಂದ. ನಾನು ಮುಂದಿನ ಬಾಗಿಲಿಗೆ ಕೈ ಹಾಕಿದೆ.

"ಅಲ್ಲಿ ಬೇಡ ಅಣ್ಣ... ಹಿಂದೆ ಕೂತ್ಕೊ."

ಅದು ಅವನ ಹೆಂಡತಿ ಬಿಶಿಯಾ ಕೂರುತ್ತಿದ್ದ ಸೀಟು. ಮೂಳೆಗೆ ಇಳಿದ ಕ್ಯಾನ್ಸರು ಅವಳಿಗೆ. ಮಕ್ಕಳಿಲ್ಲ. ಔಷಧಿ ಹಾಕಿಸಲು ಕೆಳಗಿನ ಪಟ್ಟಣದ ಆಸ್ಪತ್ರೆಗೆ ಅವನೇ ಕರೆದುಕೊಂಡು ಹೋಗಿ ಬರುತ್ತಿದ್ದ. ವ್ಯಾನು ಒಮ್ಮೆ ಎಗರಿದರೆ ಸಾಕು, ಅವಳಿಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಜಿಂತು ಮೆಕ್ಯಾನಿಕ್ ಆಹೊಂಗನ ಬಳಿ ಹೋಗಿ ಆಕ್ಸಿಲರೇಟರಿಗೆ ಒಂದು ಸಣ್ಣ ಡಬ್ಬಿ ಹಾಕಿಸಿದ. ಪೆಡಲು ಅಷ್ಟೇ ಒತ್ತಿದರೂ ಗಾಡಿ ಎಷ್ಟು ಚುರುಕಾಗಿ ಏಳಬೇಕು, ಎಷ್ಟು ಮೆತ್ತಗೆ ಏಳಬೇಕು ಎಂಬುದನ್ನು ಅದರ ಗುಂಡಿ ಒತ್ತಿ ಮೋಡ್ ಬದಲಿಸಿ ಆರಿಸಬಹುದು. ಇವನು ಕೇಳಿದ್ದು ಎಲ್ಲಕ್ಕಿಂತ ಮೆತ್ತನೆಯ ಮೋಡ್.

ಆಹೊಂಗ್ ನಕ್ಕನಂತೆ. "ಎಲ್ರೂ ಗಾಡೀನ ಕುದುರೆ ಮಾಡ್ಸೋಕೆ ಬರ್ತಾರೆ. ಆಮೆ ಮಾಡ್ಸೋಕೆ ಬಂದೋನು ನೀನೊಬ್ನೇ ನೋಡು." ಯಾರಿಗಾಗಿ ಎಂದು ತಿಳಿದ ಮೇಲೆ ನಗು ಬಿಟ್ಟು ಡಬ್ಬಿ ಕೂರಿಸತೊಡಗಿದನಂತೆ.

ಬಿಶಿಯಾ ಆಸ್ಪತ್ರೆಯಲ್ಲೇ ಹೋದಳು. ಕರ್ಮಗಳೆಲ್ಲ ಮುಗಿದ ಮೇಲೆ, ಇನ್ನು ಯಾರಿಗೆ ಎಂದು ಜಿಂತು ಆ ಡಬ್ಬಿಯನ್ನು ತೆಗೆಸಿಬಿಟ್ಟ. ಅದು ಆಹೊಂಗನ ಅಂಗಡಿಯ ಹಲಗೆಯ ಮೇಲೆ ಬಿದ್ದಿದ್ದನ್ನು ನಾನೇ ಕಂಡಿದ್ದೆ.

ಆ ರಾತ್ರಿ ಹಿಂದಿನ ಸೀಟಿನಿಂದ ಪಿಸುಗುಟ್ಟಿದೆ. "ಡಬ್ಬಿ ಮತ್ತೆ ಹಾಕಿಸ್ದ್ಯಾ?"

"ಇಲ್ಲ."

"ಮತ್ತೆ ಸೇತುವೆ ಮೇಲೆ..."

"ಅಲ್ಲಿ ಮಾತ್ರ ಹಂಗೆ. ಎಷ್ಟೇ ಒತ್ತಿದ್ರೂ ಅವ್ಳು ಕೂತಿದ್ದಾಗ ಹೋಗ್ತಿದ್ದ ಹಾಗೇ ಹೋಗತ್ತೆ."

ಮನೆಯಿಂದ ಹೊರಗೆ ಸತ್ತವರ ಜೀವವನ್ನು ನಾವು ಊದುಬತ್ತಿ ಹಿಡಿದು ಮನೆಗೆ ಕರೆತರುತ್ತೇವೆ. ಪ್ರತಿ ಸೇತುವೆಯಲ್ಲೂ ಹೆಸರು ಹಿಡಿದು ಕರೆದು, ದಾಟುತ್ತಿದ್ದೇವೆ ಬಾ ಎಂದು ಹೇಳಬೇಕು. ಹೇಳದಿದ್ದರೆ ಜೀವ ನೀರಿನ ಬಳಿಯೇ ನಿಂತುಬಿಡುತ್ತದೆ. ಆಸ್ಪತ್ರೆಯಿಂದ ಅವಳ ಜೀವ ತಂದ ದಿನ ಈ ಸೇತುವೆಯಲ್ಲಿ ಕರೆದಿದ್ದೆಯಾ ಎಂದು ಕೇಳಿದೆ.

ಅವನು ಸೇತುವೆಯತ್ತ ತಿರುಗಿದ.

"ಬೇರೆ ಎಲ್ಲಾ ಕಡೆ ಕರೆದೆ ಅಣ್ಣ. ಆಸ್ಪತ್ರೆಯಿಂದ ಬರೋವಾಗ ಇಲ್ಲಿಗೆ ಬರೋಷ್ಟರಲ್ಲಿ ಅವ್ಳಿಗೆ ಯಾವಾಗ್ಲೂ ನಿದ್ದೆ ಹತ್ತಿರ್ತಿತ್ತು. ನೋವಿಲ್ದೇ ಇರ್ತಿದ್ದದ್ದು ಅಷ್ಟು ಹೊತ್ತೇ. ಆವತ್ತೂ... ಎಬ್ಬಿಸ್ಬಾರ್ದು ಅಂತ ಬಾಯಿ ಮುಚ್ಕೊಂಡ್ಬಿಟ್ಟೆ."

ಹಾಗಾದರೆ ಬೇಗ ಹೋಗಿ ಕರೆದುಕೊಂಡು ಬಾ ಎಂದೆ. ಅವನು ಸ್ಟೇರಿಂಗಿನ ಮೇಲೆ ಹಣೆಯಿಟ್ಟ. "ಕರ್ಕೊಂಡ್ ಬಂದ್ರೆ, ಆಮೇಲೆ ಸೇತುವೆ ಮೇಲೆ ಇರಲ್ವಲ್ಲ ಅವ್ಳು."

ನಿನ್ನ ಆಸೆಗೆ ಅವಳನ್ನು ಹಳ್ಳದ ಮೇಲೆ ನಿಲ್ಲಿಸುತ್ತೀಯೇನೋ, ಮನೆಯಲ್ಲಿ ಅವಳಿಗೆಂದು ಇಟ್ಟ ಅನ್ನ ಅವಳಿಗೆ ಮುಟ್ಟುತ್ತಿಲ್ಲ ಎಂದು ಬೈದೆ. ಹಿರಿಯನಾದವನು ಹೇಳಲೇಬೇಕಾದ ಮಾತು. ಹೇಳಿ ಮನೆಗೆ ಬಂದ ಮೇಲೆ ನನಗೇ ಊಟ ಸೇರಲಿಲ್ಲ.

ಅವನಿಗೆ ಮನಸ್ಸು ಬರಲು ದಿನಗಳೇ ಹಿಡಿದವು. ಒಂದು ಸಂಜೆ ಅವನಾಗಿಯೇ ಬಂದು ಕರೆದ. ಲೋಟದ ತುಂಬ ಅಕ್ಕಿ ಹಾಕಿ, ಊದುಬತ್ತಿ ಹಚ್ಚಿ ಸಿಗಿಸಿ, ಮುಂದಿನ ಸೀಟಿನ ಮೇಲೆ ಇಟ್ಟೆವು. ಆಚೆ ದಡಕ್ಕೆ ಹೋಗಿ ತಿರುಗಿಸಿಕೊಂಡು ಬಂದೆವು. ಸೇತುವೆಯ ನಡುವೆ ಅವನು ಪಕ್ಕಕ್ಕೆ ಬಾಗಿದ. ಮಲಗಿದವರನ್ನು ಎಬ್ಬಿಸುವ ದನಿ.

"ಶಿಯಾ... ಏಳು. ಸೇತುವೆ ದಾಟ್ತಿದ್ದೀವಿ. ಮನೆಗ್ ಹೋಗೋಣ."

ನೀರಿನ ಸದ್ದು ಒಂದು ಕ್ಷಣ ನಿಂತಂತಾಯಿತು... ಸೇತುವೆ ಮುಗಿಯಿತು. ವ್ಯಾನು ಜಿಗಿಯಲಿಲ್ಲ. ಊಂ... ಎನ್ನುತ್ತಲೇ ಏರು ಹತ್ತಿತು, ತಿರುವುಗಳನ್ನು ಸುತ್ತಿತು, ಅಂಗಳಕ್ಕೆ ಬಂದು ನಿಂತಿತು. ಜಿಂತು ಇಳಿದು ಬಂದು ಬಾಗಿಲು ತೆರೆದು, ಮನೆ ಬಂತು, ಇಳಿ ಎಂದ. ಒಳಗೆ ಹಿರಿಯರ ಪೀಠದ ಮುಂದೆ, ಬಂದೆಯಾ ಎಂದು ಕೇಳಿ, ಉತ್ತರ ಹೇಳುವ ಎರಡು ಮರದ ಬಿಲ್ಲೆಗಳನ್ನು ಎಸೆದೆವು. ಟಕ್... ಟಕ್. ಒಂದು ಮಗುಚಿ, ಒಂದು ಅಂಗಾತ. ಬಂದಿದ್ದೇನೆ ಎಂದು ಅರ್ಥ.

ಮರುದಿನ ಕತ್ತಲಾದ ಮೇಲೆ ಹಳ್ಳದ ಕಡೆಯಿಂದ ಭರ್ರ್... ಭರ್ರ್... ಎಂದು ಕೇಳುತ್ತಲೇ ಇತ್ತು. ಜಿಂತು ಸೇತುವೆಯನ್ನು ಅತ್ತ ದಾಟಿ ಇತ್ತ ದಾಟಿ ನೋಡುತ್ತಿದ್ದ. ಈ ತುದಿಯಿಂದ ಆ ತುದಿಯವರೆಗೂ ಒಂದೇ ಸದ್ದು. ನನ್ನ ಹೆಂಡತಿ ಕಿವಿ ಮುಚ್ಚಿಕೊಂಡು ಅತ್ತಳು.

ನೆಲದೇವರ ಎದುರು ನಿಂತು ಹೇಳೆಂದರೂ ಹೇಳುತ್ತೇನೆ, ಇದು ನಡೆದದ್ದು. ಅವಳನ್ನು ಕರೆತಂದ ಆ ರಾತ್ರಿ ಸೀಟಿನ ಮೇಲಿದ್ದ ಲೋಟವನ್ನು ಎತ್ತಿಕೊಳ್ಳಲು ಹೋದವನು ನಾನೇ. ಅಷ್ಟು ತಿರುವಿನ ದಾರಿ... ಊದುಬತ್ತಿ ಬುಡದವರೆಗೆ ಉರಿದು ಹೋಗಿತ್ತು. ಬೂದಿ ಒಂದಿಷ್ಟೂ ಉದುರಿರಲಿಲ್ಲ. ಬತ್ತಿಯಷ್ಟೇ ಉದ್ದ, ನೆಟ್ಟಗೆ ನಿಂತಿತ್ತು.