ಬೋಣಿ ಹೊತ್ತಿನ ಇಲ್ಲ

“ಹಲೋ... ಹಲೋ, ಯಾರು ಮಾತಾಡ್ತಿರೋದು? ... ಹಾಂ, ಅಲ್ರಿ, ಫೋನ್ ಹಚ್ಚಿದ್ದು ನಾನೇ, ಖರೆ ಅದ, ನಾನೇ ಹೇಳಬೇಕು. ... ಹುಮನಾಬಾದ ಕಿರಾಣಿ ಅಂಗಡಿ ಸಂಜುಕುಮಾರ್ ಸರ್ ಅಲ್ವಾ?”

ಮೊದಲ ಮಾತೇ ತಪ್ಪಿತು. ಸುಮೇಧಾ ನಾಲಿಗೆ ಕಚ್ಚಿಕೊಂಡಳು. ಬಸವಕಲ್ಯಾಣದ ತರಬೇತಿ ಕ್ಲಾಸಿನಲ್ಲಿ ಸ್ನೇಹಲ್ ಮೇಡಂ ತಿಂಗಳುಗಟ್ಟಲೆ ತಲೆಗೆ ತುಂಬಿದ್ದು ಇದನ್ನೇ. ಫೋನು ಮಾಡಿದವರು ಮೊದಲು ತಮ್ಮ ಹೆಸರು ಹೇಳಬೇಕು. ನಿಂತುಕೊಂಡೇ ಮಾತಾಡಬೇಕು. ಮುಖದ ಮೇಲೆ ನಗು ಇರಬೇಕು, ಅದು ದನಿಗೂ ಇಳಿಯುತ್ತದೆ. ಏನಾದರೂ ಕೇಳಿದ ಮೇಲೆ ಬಾಯಿ ಮುಚ್ಚಿ ಉತ್ತರಕ್ಕೆ ಕಾಯಬೇಕು. ಎಲ್ಲಕ್ಕಿಂತ ಮುಖ್ಯ, ವ್ಯಾಪಾರದ ಮಾತಿನಲ್ಲಿ ‘ಇಲ್ಲ’ ಅನ್ನುವುದು ಬಾಯಿಂದ ಬರಲೇಬಾರದು. ಕನ್ನಡಿ ಮುಂದೆ ನಿಂತು ಇಷ್ಟನ್ನೂ ರೂಢಿ ಮಾಡಿಕೊಂಡು, ನೆಟ್‌ವರ್ಕ್ ಸಿಗಲೆಂದು ಮಾಳಿಗೆ ಹತ್ತಿ ಬಂದಿದ್ದಳು. ಕ್ಲಾಸಿನ ನಾಜೂಕು ಕನ್ನಡ ಎರಡು ಮಾತಿಗೇ ಮುಗಿದುಹೋಗಿತ್ತು.

“ನಾನ್ರಿ, ಸುಮೇಧಾ. ಮಂಠಾಳದಿಂದ. ... ಮಂಠಾಳ ರೀ, ಬಸವಕಲ್ಯಾಣ ತಾಲೂಕಾ. ... ಹಾಂ, ಹೌದ್ರಿ, ರೊಟ್ಟಿಯವ್ರೇ. ಹೋದ ವಾರ ಗಯಾಬಾಯಿ ಅಂತ ಒಬ್ಬ ಹಿರೇರು ಬಂದು ಖಡಕ್ ರೊಟ್ಟಿ ರುಚಿ ನೋಡ್ರಿ ಅಂತ ಕೊಟ್ಟು ಹೋಗಿದ್ರಲ್ರಿ, ಅವು ನಮ್ಮವೇ. ... ತಿಂದ್ರ್ಯಾ? ... ಮನ್ಯಾಗ ಎಲ್ಲಾರೂ? ... ಅಜ್ಜಾರಗ ಹಲ್ಲಿಲ್ಲಂದ್ರೂ ತಿಂದ್ರಾ? ಹ್ಯಾಂಗ್ರಿ? ... ಹಾಲಿನಾಗ ನೆನಸಿ. ... ಆಯ್ತ್ ಬಿಡ್ರಿ, ನಮ್ಮ ರೊಟ್ಟಿಗಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವುದದ.”

ಆಚೆ ಕಡೆ ಅಂಗಡಿಯ ಶಟರ್ ಕರಕರ ಮೇಲೇಳುವ ಸದ್ದು ಕೇಳಿತು. ಸರಿಯಾದ ಹೊತ್ತಿಗೇ ಹಚ್ಚಿದ್ದಾಳೆ. ಈ ಉಪಾಯ ಸ್ನೇಹಲ್ ಮೇಡಂ ಹೇಳಿದ್ದಲ್ಲ, ಪಕ್ಕದ ಓಣಿಯ ಗಯಾಬಾಯಿ ಆಯಿ ಹೇಳಿದ್ದು. ರೊಟ್ಟಿ ಕೊಡಲು ಹೋದ ಬೆಳಿಗ್ಗೆ ಆಕೆ ಕಣ್ಣಾರೆ ಕಂಡಿದ್ದಳು. ಯಾರೋ ಹೆಂಗಸು ಬೆಳ್ಳುಳ್ಳಿ ದರ ಕೇಳಿ, ಬೇಡವೆಂದು ತಿರುಗಿದ್ದೇ ತಡ, ಸಂಜುಕುಮಾರ ಗಲ್ಲೆ ಬಿಟ್ಟು ಎದ್ದು ರಸ್ತೆವರೆಗೆ ಓಡಿ, ಆಕೆ ಹೇಳಿದ ದರಕ್ಕೇ ಬೆಳ್ಳುಳ್ಳಿ ಕಟ್ಟಿಕೊಟ್ಟಿದ್ದ. ಬೋಣಿ ಮುರಿಯಬಾರದು, ಅಷ್ಟೆ. ದಿನದ ಮೊದಲ ವ್ಯಾಪಾರ ‘ಇಲ್ಲ’ದಲ್ಲಿ ಮುಗಿದರೆ ಇಡೀ ದಿನ ಹಾಗೇ ಹೋಗುತ್ತದೆ ಅನ್ನುವುದು ಅವನ ನಂಬಿಕೆ. “ಬಾಗಿಲ ತೆಗಿಯೋ ಹೊತ್ತಿಗೇ ಹಚ್ಚವ್ವ,” ಅಂದಿದ್ದಳು ಆಯಿ, “ಬ್ಯಾಡ ಅನ್ನಾಕ ಅಂವಗ ಬಾಯೇ ಬರಂಗಿಲ್ಲ.”

ಹೀಗೆ ಆ ಬೆಳಿಗ್ಗೆ ಇಲ್ಲ ಅನ್ನಬಾರದೆಂದು ಕಲಿತವಳೊಬ್ಬಳು, ಇಲ್ಲ ಅನ್ನಲಾರದವನೊಬ್ಬ, ಇಬ್ಬರೂ ಒಂದೇ ಫೋನಿಗೆ ಸಿಕ್ಕಿದ್ದರು.

“ವಾರಾ ವಾರಾ ಕೊಡ್ತೀವ್ರಿ. ... ಎರಡ್ ಸಲನಾ? ಆಗ್ತದ್ರಿ. ... ಗಾಡಿ? ಗಾಡಿ ನಾವೇ ನೋಡ್ಕೋತೀವಿ, ನೀವು ಫಿಕರ್ ಮಾಡಬ್ಯಾಡ್ರಿ. ... ರೊಟ್ಟಿ ಜೋಡಿ ಹಚ್ಚಿಕೊಳ್ಳಾಕ ಶೇಂಗಾ ಹಿಂಡಿ? ಮಾಡ್ತೀವ್ರಿ. ... ಗುರೆಳ್ಳಿಂದೂ ಬೇಕಾ? ಮಾಡ್ತೀವ್ರಿ. ... ಮುರಿದದ್ದು ವಾಪಸ್? ... ನಿಮ್ಮ ಅಂಗಡ್ಯಾಗ ಮುರಿದದ್ದೂ ನಾವೇ ವಾಪಸ್ ತಗೋಬೇಕಾ? ... ಹಾಂ... ತಗೋತೀವ್ರಿ ಸಂಜುಕುಮಾರ್ ಸರ್.”

ಕೆಳಗೆ ಅಂಗಳದ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ ಅವ್ವ ಸುಮನಬಾಯಿ ಕತ್ತೆತ್ತಿ ನೋಡಿದಳು. “ಗುರೆಳ್ಳ್ ಎಲ್ಲದನ ಮನ್ಯಾಗ? ಎಲ್ಲದಕ್ಕೂ ಹೂಂ ಅನ್ನಾಕ ಹತ್ಯಾಳ ನೋಡು,” ಅಂದಳು ಪಕ್ಕದಲ್ಲೇ ಕೂತಿದ್ದ ಗಯಾಬಾಯಿಗೆ. ಸುಮೇಧಾ ಕೈ ಬೀಸಿ ಸುಮ್ಮನಿರಲು ಹೇಳಿದಳು. ಈ ಆರ್ಡರ್ ಒಂದು ಕುದುರಿದರೆ ಸಾಕು, ಅವ್ವ ಮುಂಜಾನೆ ಓಣಿಯ ಬಾಯಲ್ಲಿ ನಿಂತು ಕೂಲಿಗೆ ಕರೆಯುವವರ ದಾರಿ ಕಾಯುವುದು ತಪ್ಪುತ್ತದೆ. ಫೋನಿನಲ್ಲಿ ಚಾರ್ಜ್ ಕಡಿಮೆಯಿತ್ತು, ಬೆಳಿಗ್ಗೆಯಿಂದ ಕರೆಂಟಿಲ್ಲ. ಬೇಗ ಮುಗಿಸಬೇಕು.

“ಹಂಗಾರ ಪಕ್ಕಾ ಅಂತ ತಿಳ್ಕೋಲ್ಯಾ ಸರ್? ... ಏನ್ರಿ? ... ಹಾಂ? ... ಯಾರ ಪೈಕಿ?”

ದನಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಹವಾ ಹೇಗಿದೆ ಅಂತ ಕೇಳಿದಷ್ಟೇ ಸಲೀಸಾಗಿ ಕೇಳಿದ್ದ. ಯಾವ ಜಾತಿಯೆಂದು ನೇರ ಕೇಳಲು ಸಂಕೋಚಪಡುವವರು ಈ ಕಡೆ ಹೀಗೇ ಕೇಳುವುದು, ಯಾರ ಪೈಕಿಯವರು ಎಂದು. ಸುಮೇಧಾಳ ಮುಖದ ಮೇಲೆ ಕಷ್ಟಪಟ್ಟು ನಿಲ್ಲಿಸಿಕೊಂಡಿದ್ದ ನಗು ಹಾಗೇ ಗಟ್ಟಿಯಾಯಿತು.

“ನಾವಾ? ನಾವು ದೇವಿಂದ್ರಪ್ಪ ಅವ್ರ ಪೈಕಿ ರೀ. ನಮ್ಮಪ್ಪ. ... ಊರಾಗ ಯಾರನ್ನ ಕೇಳಿದ್ರೂ ಹೇಳ್ತಾರ. ... ಮನಿ ಎಲ್ಲಿ ಅಂದ್ರ... ಬಸ್‌ಸ್ಟ್ಯಾಂಡ್ ದಾಟಿದ ಮ್ಯಾಲ. ... ಹಾಂ, ಒಳಗ. ... ಇಲ್— ಅಂದ್ರ ಇನ್ನೂ ಝರಾ ಒಳಗ್ರಿ. ... ಗೌಡರ ಮನಿ ಕಡಿಂದಲ್ಲ, ಈ ಕಡಿಂದ. ... ನೀವು ಮಂಠಾಳ ಭಾಳ ಛೊಲೊ ನೋಡೀರಿ ಬಿಡ್ರಿ.”

ಪ್ರತಿ ಉತ್ತರಕ್ಕೂ ಅವನು ಒಂದೊಂದು ಮನೆ ದಾಟಿ ಹತ್ತಿರ ಬರುತ್ತಿದ್ದ ಹಾಗನಿಸಿತು. ಇನ್ನು ಸುತ್ತಲು ಜಾಗವಿರಲಿಲ್ಲ.

“ಬುದ್ಧ ವಿಹಾರ ಅದಲ್ರಿ. ಅದರ ಬಾಜೂಕೇ ನಮ್ಮನಿ. ... ಹಾಂ. ... ಹಾಂ, ಅದೇ ಓಣಿ.”

...

“ಹಲೋ? ... ಸರ್? ... ಇದ್ದೀರ್ಯಾ?”

ಇದ್ದ. ಉಸಿರು ಕೇಳುತ್ತಿತ್ತು. ಯಾರಿಗೋ ಅಂಗಡಿ ಮುಂದೆ ನೀರು ಹೊಡೆಯಲು ಹೇಳಿದ್ದೂ ಕೇಳಿತು. ಸುಮ್ಮನಿರುವುದನ್ನು ಕ್ಲಾಸಿನಲ್ಲಿ ಕಲಿತಿದ್ದಳು, ಆದರೆ ಈ ಮೌನದ ಎದುರು ಆ ಕಲಿಕೆ ನಿಲ್ಲಲಿಲ್ಲ.

“ಕೈ ತೊಳಕೊಂಡೇ ಬಡೀತೀವ್ರಿ. ಜೋಳ ನಾವೇ ಹಸನ ಮಾಡ್ತೀವಿ, ಗಿರಣಿಗಿ ನಾವೇ... ಹಾಂ? ... ಹೌದ್ರಿ, ತಿಳೀತದ. ನಿಮಗೇನೂ ಇಲ್ಲ. ... ಗಿರಾಕಿ ಕೇಳ್ತಾರ. ... ಮದಿವಿ ಮನಿಯವ್ರು ಕೇಳ್ತಾರ. ... ರೊಟ್ಟಿ ಪಸಂದ್ ಅದ ಅಂತೀರಿ. ಮತ್ತ?”

ಮುಂದೆ ಅವನು ಬಹಳ ಹೊತ್ತು ಮಾತಾಡಿದ. ಬೆಣ್ಣೆ ಸವರಿದ ಹಾಗೆ ಮಾತಾಡಿದ. ಸುಮೇಧಾಳಿಗೆ ಸ್ನೇಹಲ್ ಮೇಡಂ ಕಲಿಸಿದ ಇನ್ನೊಂದು ಪಾಠ ನೆನಪಾಯಿತು. ಎದುರಿಗಿನವರು ಹೇಳಿದ್ದನ್ನು ನಿಮ್ಮ ಬಾಯಿಂದ ಒಮ್ಮೆ ತಿರುಗಿ ಹೇಳಿ, ತಪ್ಪು ತಿಳಿವಳಿಕೆಗೆ ಎಡೆಯಾಗುವುದಿಲ್ಲ.

“ನೀವು ಹೇಳಿದ್ದೇ ಒಂದ್ಸಲ ಹೇಳ್ತೀನ್ರಿ ಸರ್, ನನಗ ಪಕ್ಕಾ ತಿಳೀಲಿ ಅಂತ. ... ಆರ್ಡರ್ ನಮಗೇ. ಹೌದಿಲ್ರಿ? ... ರೊಟ್ಟಿ ಇವೇ. ... ಬಡಿಯೋ ಕೈಯೂ ಇವೇ. ... ಪಾಕೀಟಿನ ಮ್ಯಾಲಿನ ಚೀಟಿ ಮಾತ್ರ ತೆಗೀಬೇಕು. ... ಸುಮನಬಾಯಿ ಅಂತ ಇರಬಾರದು, ಗಯಾಬಾಯಿ ಅಂತ ಇರಬೇಕು. ... ಮತ್ತ ಮಾಲ್ ಇಳಸಾಕ ನಾ ಬರಬಾರದು, ಗಯಾಬಾಯಿನೇ ಬರಬೇಕು. ... ಬರೋಬರಿ ಹೇಳಿದ್ನ್ಯಾ? ... ಹಂಗಲ್ಲಂದ್ರ ಹ್ಯಾಂಗ್ರಿ? ನಿಮ್ಮ ಮಾತೇ ಅಲ್ಲೇನ್ರಿ ಇವು?”

ಅವನ ಬಾಯಲ್ಲಿ ಮೆತ್ತಗಿದ್ದ ಮಾತು ಇವಳ ಬಾಯಲ್ಲಿ ಬಂದಾಗ ಬೇರೆಯೇ ಕೇಳಿಸಿತು. ಅವನಿಗೂ ಹಾಗೇ ಕೇಳಿಸಿರಬೇಕು, ತಡವರಿಸಿದ. ಕೆಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

ಗಯಾಬಾಯಿ ಸೆರಗು ಸಿಕ್ಕಿಸಿ ಮೆಟ್ಟಿಲು ಅರ್ಧ ಹತ್ತಿ ಬಂದಳು. “ಹೂಂ ಅನ್ನವ್ವ,” ಅಂತ ಪಿಸುಗುಟ್ಟಿದಳು. “ಬರೀಲಿ ನನ್ನ ಹೆಸರು. ಬರದ್ರ ಏನ್ ಸವೀತದೇನು? ಹೊಟ್ಟಿ ತುಂಬಲಿ ಮೊದಲ.” ಮೇಲಿನ ಜಾತಿಯವಳಾದರೂ ಆಕೆಯ ಮನಸ್ಸಿನಲ್ಲಿ ಏನೂ ಇರಲಿಲ್ಲ, ಇದೇ ಒಲೆ ಮುಂದೆ ಕೂತು ಇದೇ ರೊಟ್ಟಿ ಮುರಿದು ತಿನ್ನುವವಳು. ಅದಕ್ಕೇ ಸುಮೇಧಾಳಿಗೆ ಇನ್ನೂ ಕಷ್ಟವಾಯಿತು.

ಅವ್ವ ಹಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬರುತ್ತಿದ್ದರೂ ತಿರುವಿ ಹಾಕಲಿಲ್ಲ. ಚೀಟಿಗಳು ಬಸವಕಲ್ಯಾಣದಿಂದ ಅಚ್ಚಾಗಿ ಬಂದ ದಿನ ಆಕೆ ಒಂದನ್ನು ಹಿಟ್ಟಿನ ಡಬ್ಬಿಗೆ ಅಂಟಿಸಿ, ಇದರಲ್ಲಿ ‘ಬಾಯಿ’ ಯಾವುದು, ‘ಸುಮನ’ ಯಾವುದು ಅಂತ ಬೆರಳಿಟ್ಟು ಕೇಳಿದ್ದಳು. ಕೂಲಿಗೆ ಕರೆಯುವ ಹೊಲದವರೆಲ್ಲ ಇಷ್ಟು ವರ್ಷ ಆಕೆಯನ್ನು ಕೂಗಿದ್ದು ದೇವಿಂದ್ರಪ್ಪನ ಹೇಣ್ತಿ ಅಂತ.

“ಸರ್, ಒಂದ್ ನಿಮಿಷ. ... ಹಾಂ, ಕೇಳಾಕತ್ತೀನ್ರಿ. ... ಹೇಳ್ತೀನ್ರಿ.”

...

“ಇಲ್ರಿ.”

ಬಾಯಿಂದ ಬಿದ್ದೇಬಿಟ್ಟಿತು. ಗಯಾಬಾಯಿ ಹಣೆ ಹಣೆ ಬಡಿದುಕೊಂಡಳು.

“ಇಲ್ರಿ ಅಂದೆ. ಹಂಗ ಆಗಂಗಿಲ್ಲ. ... ಗೊತ್ತದ್ರಿ, ಬೋಣಿ ಹೊತ್ತು. ... ಗೊತ್ತಿದ್ದೇ ಅಂದೆ. ... ಬೋಣಿ ಹೊತ್ತಿನಾಗ ಒಬ್ಬ ಹೆಣ್ಣಮಗಳ ಹೆಸರ ಅಳಸ್ರಿ ಅನ್ನೋದು ಯಾವ ಶಕುನ ಅಣ್ಣಾರ? ... ಸಿಟ್ಟಿಲ್ರಿ. ದನಿ ನಡಗಾಕತ್ತದ, ಸಿಟ್ಟಲ್ಲ ಅದು. ... ನಿಮ್ಮ ಅಂಗಡಿ ಬೋರ್ಡಿನ ಮ್ಯಾಲಿನ ಹೆಸರು ಬದಲ ಮಾಡ್ರಿ, ಮಾಲ್ ಕೊಡ್ತೀವಿ ಅಂದ್ರ ಮಾಡ್ತೀರೇನ್ರಿ? ... ಹೋಲಿಕಿ ಅಲ್ಲ ಅಂದ್ರ ಮತ್ತೇನ್ರಿ ಅದು?”

ಸರ್ ಹೋಗಿ ಅಣ್ಣಾರ ಆಗಿದ್ದು ಅವಳಿಗೇ ತಿಳಿಯಲಿಲ್ಲ. ಒಂದು ‘ಇಲ್ಲ’ ಹೊರಬಿದ್ದ ಮೇಲೆ ಅದರ ಹಿಂದೆ ಉಳಿದವೂ ಸಾಲು ಹಚ್ಚಿ ನಿಂತಿದ್ದವು.

“ಚಿಟಗುಪ್ಪದವ್ರು ಕೊಡ್ತಾರಾ? ಕೊಡ್ತಾರ್ರಿ. ಅವ್ರ ರೊಟ್ಟಿನೂ ಛೊಲೊ ಇರ್ತಾವ, ಸುಳ್ಳ್ಯಾಕ ಹೇಳ್ಲಿ. ... ತಗೊಳ್ರಿ. ... ಹಂಗಾರ ಇಡ್ಲ್ಯಾ ಫೋನು? ... ಇಡಬ್ಯಾಡಾ? ... ಯಾಕ್ರಿ? ... ಹಾಂ, ನಿಂದ್ರ್ರಿ, ಇಡೋದ್ರೊಳಗ ಇನ್ನೊಂದ್ ಹೇಳಿಬಿಡ್ತೀನಿ. ನಿಮ್ಮ ಅಂಗಡ್ಯಾಗ ಮುರಿದ ರೊಟ್ಟಿ ನಾವು ವಾಪಸ್ ತಗೊಳ್ಳಂಗಿಲ್ಲ. ಆಗಳೆ ಹೂಂ ಅಂದಿದ್ದೆ, ಅದು ತಪ್ಪು. ... ಗುರೆಳ್ಳ ಹಿಂಡಿನೂ ಈ ವಾರ ಇಲ್ಲ. ಮನ್ಯಾಗ ಗುರೆಳ್ಳೇ ಇಲ್ಲ. ... ಅಯ್ಯ, ನಿಮ್ಮ ಬೋಣಿಗಿ ನಾ ಹೆಂಥಾ ಗಿರಾಕಿ ಸಿಕ್ಕೆ ನೋಡ್ರಿ.”

ಕೆಳಗಿನಿಂದ ಅವ್ವನ ನಗು ಪುಸಕ್ಕೆಂದು ಬಂತು, ಬಂದದ್ದೇ ನಿಂತೂ ಹೋಯಿತು.

“ಈಗ ನೀವ್ ಹೇಳ್ರಿ. ನಮ್ಮವ್ವನ ಹೆಸರಿರೋ ರೊಟ್ಟಿ ಬೇಕೋ ಬ್ಯಾಡೋ?”

...

ಈ ಸಲ ಅವಳು ಮೌನ ತುಂಬಲಿಲ್ಲ. ಕೈ ತೊಳೆಯುತ್ತೇವೆ ಅನ್ನಲಿಲ್ಲ, ಜೋಳದ ಮಾತೆತ್ತಲಿಲ್ಲ. ತುಟಿ ಒಳಗೆ ಕಚ್ಚಿ ಹಿಡಿದು ನಿಂತಳು. ಫೋನು ಚಾರ್ಜ್ ಮುಗಿಯುತ್ತ ಬಂತೆಂದು ಕಿವಿಯಲ್ಲೇ ಟುಂಯ್ ಅಂದಿತು.

...

ಆಚೆ ಯಾರೋ ಬಂದರು. ಸಾಬೂನೋ ಏನೋ ಕೇಳಿದರು. ಸಂಜುಕುಮಾರ ಅವರಿಗೆ ಝರಾ ತಡೆಯಲು ಹೇಳಿದ್ದು ಸ್ಪಷ್ಟ ಕೇಳಿಸಿತು. ಬಾಗಿಲಿಗೆ ಬಂದ ಗಿರಾಕಿಯನ್ನು ನಿಲ್ಲಿಸಿದ್ದಾನೆ ಅಂದರೆ ಅವನ ಲೆಕ್ಕದಲ್ಲಿ ಬೋಣಿ ಇನ್ನೂ ಇವಳ ಕೈಯಲ್ಲೇ ಇತ್ತು.

...

“ಹಾಂ, ಇದ್ದೀನ್ರಿ. ... ಒಂದ್ ವಾರ? ... ಒಂದ್ ವಾರ ನೋಡೋಣ ಅಂತೀರಿ. ... ನೋಡ್ರಿ ಸಾವ್ಕಾರ್ರ, ಅವಶ್ಯ ನೋಡ್ರಿ. ನಾವೂ ನಿಮ್ಮನ್ನ ಒಂದ್ ವಾರ ನೋಡ್ತೀವಿ. ... ನಗಬ್ಯಾಡ್ರಿ, ಖರೇನೇ ಅಂದೆ. ಚೀಟಿ ಹರದು ಮಾರಿದ್ರ ನಮಗ ಗೊತ್ತಾಗ್ತದ, ಗಯಾಬಾಯಿ ಆಯಿ ಮಗಳ ಮನಿ ನಿಮ್ಮ ಓಣ್ಯಾಗೇ ಅದ. ... ಹಾಂ, ಮಾಲ್ ಇಳಸಾಕ ನಾನೇ ಬರ್ತೀನಿ. ... ಚಹಾ ಕುಡಸ್ತೀರೋ ಇಲ್ಲೋ, ಅದೂ ಆವತ್ತೇ ನೋಡೋಣಂತ.”

ಗಯಾಬಾಯಿ ಮೆಟ್ಟಿಲ ಮೇಲೇ ಕುಸಿದು ಕೂತು, ಏನಾಯಿತೆಂದು ಕೈಸನ್ನೆಯಲ್ಲಿ ಕೇಳುತ್ತಿದ್ದಳು. ಸುಮೇಧಾಳಿಗೆ ಉತ್ತರಿಸಲು ಬಿಡುವಿಲ್ಲ. ಕಿವಿಯಲ್ಲಿ ಮತ್ತೆ ಟುಂಯ್.

“ಝರಾ ಲಗೂನ ಹೇಳ್ರಿ, ನನ್ನ ಫೋನ್ ಸಾಯಾಕತ್ತದ. ... ಬರ್ಕೋತೀರಾ? ಬೋಣಿ ಅಂತಾ? ... ಮೊದಲನೇ ಹೆಸರು ಇದೇನಾ ಇವತ್ತಿಂದು? ... ಯಾರ ಹೆಸರಿಗಿ ಅಂತ ಕೇಳ್ತೀರಲ್ರಿ ಇನ್ನೂ.”

ಅವಳು ಮಾಳಿಗೆಯ ಅಂಚಿಗೆ ಬಂದು ನಿಂತಳು. ಅಂಗಳದಲ್ಲಿ ಅವ್ವ ಹಿಟ್ಟಿನ ಕೈ ಹಾಗೇ ಮೇಲೆ ಹಿಡಿದು ಮುಖವೆತ್ತಿ ನೋಡುತ್ತಿದ್ದಳು. ಸುಮೇಧಾ ದನಿ ಎತ್ತರಿಸಿದಳು, ಹುಮನಾಬಾದಕ್ಕೂ ಕೇಳಲಿ, ಒಲೆಯವರೆಗೂ ಕೇಳಲಿ ಅನ್ನುವ ಹಾಗೆ.

“ಪೆನ್ ತಗೊಂಡ್ರ್ಯಾ? ... ಬರೀರಿ. ಸುಮನಬಾಯಿ. ... ದೇವಿಂದ್ರಪ್ಪ ಬ್ಯಾಡ್ರಿ, ಬರೇ ಸುಮನಬಾಯಿ. ... ಹಾಂ. ಖಡಕ್ ರೊಟ್ಟಿ. ... ಕೆಳಗ ಮಂಠಾಳ. ... ಬರದ್ರ್ಯಾ? ಅಡ್ರೆಸ್ ಪೂರಾ ಬರೀರಿ ಅಣ್ಣಾರ, ಬುದ್ಧ ವಿಹಾರದ ಬಾಜೂ—”